ಆ ಹೆಲಿಕಾಪ್ಟರಿನಲ್ಲಿ ನಾಲ್ಕು ಜನ ಇದ್ದರು, ಮಾಸ್ತರೇ

ನಮಸ್ಕಾರ ಮಾಸ್ತರೇ,

ನಿಮ್ಮ ಕತೆ ತಲುಪಿದೆ, ಪೂರ್ತಿ ಓದಿದ್ದೇನೆ. ಈಗ ಇರುವ ಹಾಗೆ ಇದನ್ನು ದೀಪಾವಳಿ ಸಂಚಿಕೆಗೆ ತೆಗೆದುಕೊಳ್ಳಲು ಆಗುವುದಿಲ್ಲ. ಮೊದಲೇ ಹೇಳಿಬಿಟ್ಟೆ, ಉದ್ದಕ್ಕೂ ಕಾಯಿಸಿ ಕೊನೆಗೆ ಇಲ್ಲ ಅನ್ನುವುದು ಸರಿಯಲ್ಲ. ಆದರೆ ಬರೀ ಒಂದು ಸಾಲು ಬರೆದು ಸುಮ್ಮನಾಗಲೂ ಮನಸ್ಸು ಬರಲಿಲ್ಲ. ನೀವು ಹಿಡಿದ ವಿಷಯ ದೊಡ್ಡದು, ನಿಮಗೆ ಬರೆಯಲೂ ಬರುತ್ತದೆ. ಧಾರವಾಡದಿಂದ ಬ್ಯಾಡಗಿ ಏನು ಮಹಾ ದೂರ ಅಲ್ಲ, ಎದುರಿಗೆ ಕೂತೇ ಮಾತಾಡಬಹುದಿತ್ತು. ಬರೆದು ಕಳಿಸಿದರೆ ನೀವು ಕತೆಯನ್ನು ಪಕ್ಕಕ್ಕೆ ಇಟ್ಟುಕೊಂಡು ನೋಡಬಹುದು ಅಂತ ಬರೆಯುತ್ತಿದ್ದೇನೆ.

ನಿಮ್ಮ ಕತೆ ಇಷ್ಟು. 1999ರ ಮೇ 28. ಬ್ಯಾಡಗಿ ತಾಲೂಕಿನ ಹುಡುಗ ವಾಯುಪಡೆಯಲ್ಲಿ ಪೈಲಟ್. ಕಾರ್ಗಿಲ್ ಯುದ್ಧದಲ್ಲಿ ಎಂಐ-17 ಹೆಲಿಕಾಪ್ಟರ್ ತೆಗೆದುಕೊಂಡು ತೋಲೋಲಿಂಗ್ ಗುಡ್ಡದ ಮೇಲೆ ದಾಳಿಗೆ ಹೋಗುತ್ತಾನೆ. ಕ್ಷಿಪಣಿ ಬಡಿಯುತ್ತದೆ. ಎರಡು ಪುಟ ದೇಶದ ಬಗ್ಗೆ ಮಾತಾಡಿ ಸಾಯುತ್ತಾನೆ. ಊರಿನಲ್ಲಿ ಹೆಂಡತಿಗೆ ಮೊಬೈಲಿನಲ್ಲಿ ಅವನ ಕೊನೆಯ ದನಿ ಕೇಳಿಸುತ್ತದೆ. ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಸೇರುತ್ತಾರೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡಿದ್ದನ್ನು ಮೊದಲು ಹೇಳುತ್ತೇನೆ. ತಾರೀಕು ನಿಜದ್ದು. ಗುಡ್ಡ ನಿಜದ್ದು. ಹೆಲಿಕಾಪ್ಟರ್ ನಿಜದ್ದು, ಅದು ಬಿದ್ದದ್ದೂ ನಿಜ. ಆ ದಿನ ಅದರಲ್ಲಿ ಇದ್ದವರು ಸ್ಕ್ವಾಡ್ರನ್ ಲೀಡರ್ ರಾಜೀವ್ ಪುಂಡೀರ್, ಫ್ಲೈಟ್ ಲೆಫ್ಟಿನೆಂಟ್ ಎಸ್. ಮುಹಿಲನ್, ಸಾರ್ಜೆಂಟ್ ಪಿ.ವಿ.ಎನ್.ಆರ್. ಪ್ರಸಾದ್, ಸಾರ್ಜೆಂಟ್ ರಾಜ್ ಕಿಶೋರ್ ಸಾಹು. ನಾಲ್ವರಲ್ಲಿ ಒಬ್ಬರೂ ಉಳಿಯಲಿಲ್ಲ. ನೀವು ಪುಂಡೀರ್ ಅವರನ್ನು ಸೀಟಿನಿಂದ ಎಬ್ಬಿಸಿ ನಿಮ್ಮ ಬ್ಯಾಡಗಿ ಹುಡುಗನನ್ನು ಕೂರಿಸಿದ್ದೀರಿ. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ, ನಮ್ಮ ಕಡೆಯವನೊಬ್ಬ ಅಲ್ಲಿ ಇರಲಿ ಎಂಬ ಆಸೆ, ಅದು ಅರ್ಥವಾಗುತ್ತದೆ. ಆದರೆ ಆ ಜಾಗದಲ್ಲಿ ಕೂತಿದ್ದವರು ಸತ್ತಿದ್ದಾರೆ, ಮಾಸ್ತರೇ. ಅವರ ಸಾವನ್ನು ಅವರಿಂದ ತೆಗೆದು ನಮ್ಮ ಊರಿನವನಿಗೆ ಕೊಡುವ ಹಕ್ಕು ಕತೆಗಾರನಿಗೆ ಇಲ್ಲ ಅಂತಲೇ ನಾನು ನಂಬಿದ್ದೇನೆ. ಬೇರೆ ಸಂಪಾದಕರು ಒಪ್ಪಲಿಕ್ಕಿಲ್ಲ, ಕತೆ ಅಂದ ಮೇಲೆ ಕಲ್ಪನೆ ಇರೋದೇ ಅಲ್ವಾ ಅಂದಾರು. ಕಲ್ಪನೆಯೇ ಬೇಕು ಅಂದರೆ ತಾರೀಕು ಬಿಡಿ, ಗುಡ್ಡದ ಹೆಸರು ಬಿಡಿ, ಯಾವುದೋ ಗಡಿಯ ಯಾವುದೋ ಬೆಟ್ಟ ಮಾಡಿಕೊಳ್ಳಿ, ಆಗ ನಾನೂ ತಕರಾರು ಮಾಡುವುದಿಲ್ಲ. ನಿಜದ ತಾರೀಕಿನ ತೂಕವೂ ಬೇಕು, ನಿಜದ ಮನುಷ್ಯರು ಮಾತ್ರ ಬೇಡ ಅಂದರೆ ಹೇಗೆ?

ಉಳಿದ ಮೂವರ ಗತಿ ಇನ್ನೂ ಕಷ್ಟ. 'ಸಂಗಡಿಗರೂ ಹುತಾತ್ಮರಾದರು' ಎಂಬ ಒಂದು ಸಾಲಿನಲ್ಲಿ ಅವರನ್ನು ಮುಗಿಸಿದ್ದೀರಿ. ಎಂಐ-17 ಒಬ್ಬನೇ ನಡೆಸುವ ಯಂತ್ರವಲ್ಲ. ತನ್ನ ತೂಕವೂ ಸೇರಿ 13 ಟನ್‌ವರೆಗೆ ಎತ್ತಿಕೊಂಡು ಏಳುತ್ತದೆ, ಎರಡು ಎಂಜಿನ್, ತಲೆಯ ಮೇಲೆ ಐದು ರೆಕ್ಕೆ. ಒಬ್ಬ ಪೈಲಟ್ ಹಿಡಿಕೆ ಹಿಡಿದಿದ್ದರೆ ಇನ್ನೊಬ್ಬ ಎತ್ತರ, ದಾರಿ, ರೇಡಿಯೋ ನೋಡಿಕೊಳ್ಳುತ್ತಾನೆ. ಇಬ್ಬರ ನಡುವೆ ಸ್ವಲ್ಪ ಹಿಂದೆ ಫ್ಲೈಟ್ ಎಂಜಿನಿಯರ್ ಕೂತಿರುತ್ತಾನೆ, ಅವನ ಕಣ್ಣು ಎಂಜಿನ್ ಬಿಸಿ, ಎಣ್ಣೆಯ ಒತ್ತಡ, ಇಂಧನದ ಮುಳ್ಳುಗಳ ಮೇಲೆ. ಗನ್ನರ್ ಹಿಂದೆ, ಯಾವ ಕಡೆಯಿಂದ ಗುಂಡು ಬರುತ್ತಿದೆ ಅಂತ ಮೊದಲು ಕೂಗಿ ಹೇಳಬೇಕಾದವನು ಅವನು. ಒಬ್ಬನಿಗೆ ಕಾಣದ್ದು ಇನ್ನೊಬ್ಬನಿಗೆ ಕಾಣುತ್ತದೆ, ಅದರ ಮೇಲೆ ನಾಲ್ವರ ಜೀವ ನಿಂತಿದೆ. ಇವರ ನಡುವೆ ಇಂಟರ್‌ಕಾಮ್‌ನಲ್ಲಿ ಓಡಾಡುವ ಮಾತು ಹೇಗಿರುತ್ತದೆ ಯೋಚಿಸಿ. ಎರಡು ಶಬ್ದ, ಮೂರು ಶಬ್ದ. ಎಡಕ್ಕೆ. ಬಿಸಿ ಏರುತ್ತಿದೆ. ಬಲಗಡೆ ಹೊಗೆ. ನಿಮ್ಮ ಎರಡು ಪುಟದ ಭಾಷಣ ಪೂರ್ತಿ ಹೊಡೆದುಹಾಕಿ ಅಲ್ಲಿ ಇಂಥ ಹತ್ತು ಮಾತು ಇಟ್ಟು ನೋಡಿ, ಓದುವವನ ಕೈ ಬೆವರುತ್ತದೆ. ಮತ್ತೆ ಆ ಭಾಷಣಕ್ಕೆ ಅಲ್ಲಿ ಸಮಯವೂ ಇಲ್ಲ. ಭುಜದ ಮೇಲೆ ಇಟ್ಟು ಹಾರಿಸುವ ಸ್ಟಿಂಗರ್ ಕ್ಷಿಪಣಿ ಶಬ್ದದ ಎರಡು ಪಟ್ಟಿಗಿಂತ ಜಾಸ್ತಿ ವೇಗದಲ್ಲಿ ಬರುತ್ತದೆ. ಎರಡು ಕಿಲೋಮೀಟರ್ ದೂರದಿಂದ ಬಿಟ್ಟರೂ ಕೆಲವೇ ಸೆಕೆಂಡು.

ಇನ್ನು ಆ ದಿನದ ಮುಖ್ಯ ಸಂಗತಿಯನ್ನೇ ನೀವು ಬಿಟ್ಟಿದ್ದೀರಿ. ಸ್ಟಿಂಗರ್ ಎಂಜಿನ್‌ನ ಬಿಸಿಯನ್ನು ಹಿಂಬಾಲಿಸಿ ಬರುತ್ತದೆ. ಅದರಿಂದ ತಪ್ಪಿಸಿಕೊಳ್ಳಲು ಹೆಲಿಕಾಪ್ಟರುಗಳು ಫ್ಲೇರ್ ಉದುರಿಸುತ್ತವೆ, ಅಂದರೆ ಧಗಧಗ ಉರಿಯುವ ಸಣ್ಣ ತುಣುಕುಗಳು. ಕ್ಷಿಪಣಿ ಎಂಜಿನ್ ಬಿಟ್ಟು ಆ ಬೆಂಕಿಯ ಬೆನ್ನು ಹತ್ತಲಿ ಅಂತ. ಅಂದು ಬಿದ್ದ ಹೆಲಿಕಾಪ್ಟರಿನಲ್ಲಿ ಆ ವ್ಯವಸ್ಥೆ ಇರಲಿಲ್ಲ. ಇದು ಮುಚ್ಚಿಟ್ಟ ಸುದ್ದಿಯೇನೂ ಅಲ್ಲ, ಆ ಕಾರ್ಯಾಚರಣೆಯ ಬಗ್ಗೆ ಬರೆದವರು ಹೇಳಿರುವುದೇ. ಅದರ ಹಿಂದಿನ ದಿನ ಏನಾಗಿತ್ತು ನೋಡಿ. ವಾಯುಪಡೆ ದಾಳಿ ಶುರು ಮಾಡಿದ್ದು ಮೇ 26ಕ್ಕೆ. 27ಕ್ಕೆ ಫ್ಲೈಟ್ ಲೆಫ್ಟಿನೆಂಟ್ ನಚಿಕೇತ ಅವರ ಮಿಗ್-27ರ ಎಂಜಿನ್ ಕೆಟ್ಟು ಅವರು ಹೊರಗೆ ಹಾರಬೇಕಾಯಿತು, ಅವರನ್ನು ಹುಡುಕಲು ನಿಂತ ಸ್ಕ್ವಾಡ್ರನ್ ಲೀಡರ್ ಅಜಯ್ ಆಹುಜಾ ಅವರ ಮಿಗ್-21ನ್ನು ಕ್ಷಿಪಣಿ ಹೊಡೆಯಿತು. ಅಂದರೆ 28ರ ಬೆಳಿಗ್ಗೆ ಹೊರಟವರಿಗೆ ಆ ಗುಡ್ಡಗಳಲ್ಲಿ ಕ್ಷಿಪಣಿ ಇದೆ ಅನ್ನುವುದು ಹೊಸ ವಿಷಯವಲ್ಲ. ಅಷ್ಟು ಗೊತ್ತಿದ್ದೂ, ಫ್ಲೇರ್ ಇಲ್ಲದೆಯೂ, ಹೋದರು. ಇದಕ್ಕಿಂತ ದೊಡ್ಡ ಮಾತನ್ನು ನಿಮ್ಮ ನಾಯಕನ ಬಾಯಲ್ಲಿ ಹಾಕೋದು ನಿಮ್ಮಿಂದಲೂ ಆಗುವುದಿಲ್ಲ, ನನ್ನಿಂದಲೂ ಆಗುವುದಿಲ್ಲ. ಈ ನಾಲ್ವರು ಹೋದ ಮೇಲೆ ದಾಳಿಗೆ ಹೆಲಿಕಾಪ್ಟರ್ ಕಳಿಸುವುದನ್ನು ನಿಲ್ಲಿಸಿದರು, ಯುದ್ಧ ವಿಮಾನಗಳು ಕ್ಷಿಪಣಿಗೆ ಸಿಗದಷ್ಟು ಎತ್ತರದಿಂದ ಬಾಂಬು ಹಾಕತೊಡಗಿದವು. ನಿಮ್ಮ ಕತೆಯಲ್ಲಿ ಇದು ಯಾವುದೂ ಇಲ್ಲ, ಧ್ವಜ ಮಾತ್ರ ನಾಲ್ಕು ಸಲ ಬಂದಿದೆ.

ಜಾಗದ ವಿಷಯ ಬೇಗ ಮುಗಿಸುತ್ತೇನೆ. ನಿಮ್ಮ ತೋಲೋಲಿಂಗ್ ಹಸಿರಾಗಿದೆ, ಕೆಳಗೆ ತೊರೆ, ಮೇಲೆ ಮರ. ಓದುತ್ತಾ ನನಗೆ ಗದಗಿನ ಕಪ್ಪತಗುಡ್ಡವೇ ಕಂಡಿತು. ಅಲ್ಲಿ ದ್ರಾಸ್ ಊರೇ ಹತ್ತು ಸಾವಿರ ಅಡಿ ದಾಟಿದ ಜಾಗ, ತೋಲೋಲಿಂಗ್ ಸುಮಾರು 15,000 ಅಡಿ. ಬರೀ ಬಂಡೆ, ಮೇ ತಿಂಗಳಲ್ಲೂ ಹಿಮ, ಅಡಗಿಕೊಳ್ಳಲು ಗಿಡ ಇಲ್ಲ. ಆ ಎತ್ತರದಲ್ಲಿ ಗಾಳಿ ತೆಳು, ರೆಕ್ಕೆಗೆ ಹಿಡಿತ ಕಡಿಮೆ, ಎಂಜಿನ್‌ಗೂ ಉಸಿರು ಸಾಲದು. ಹೆಲಿಕಾಪ್ಟರ್ ಅಲ್ಲಿ ನೀವು ಬರೆದ ಹಾಗೆ 'ಮಿಂಚಿನಂತೆ ತಿರುಗಿ' ಮತ್ತೊಮ್ಮೆ ಎರಗುವುದಿಲ್ಲ. ಮತ್ತೆ ಶತ್ರು ಕೂತಿದ್ದದ್ದು ಶಿಖರದ ಮೇಲೆ, ಶ್ರೀನಗರ-ಲೇಹ್ ರಸ್ತೆ ಅವನ ಕಣ್ಣ ಕೆಳಗೆ ಇತ್ತು. ನೀವು ಕ್ಷಿಪಣಿಯನ್ನು ಕಣಿವೆಯಿಂದ ಹಾರಿಸಿದ್ದೀರಿ.

'ಪ್ಯಾರಾಚೂಟ್ ಹಿಡಿದು ಹಾರಬಹುದಿತ್ತು, ಆದರೆ ಅವನು ಹಾರಲಿಲ್ಲ' ಅಂತ ಒಂದು ಕಡೆ ಬರೆದಿದ್ದೀರಿ. ಅದನ್ನು ದಯವಿಟ್ಟು ತೆಗೆಯಿರಿ. ಫೈಟರ್ ವಿಮಾನದ ಹಾಗೆ ಸೀಟಿನ ಸಮೇತ ಮೇಲಕ್ಕೆ ಚಿಮ್ಮಿ ಹೊರಬರುವುದು ಇಲ್ಲಿ ಇಲ್ಲ, ತಲೆಯ ಮೇಲೆ ರೆಕ್ಕೆ ತಿರುಗುತ್ತಿರುತ್ತದೆ. (ರಷ್ಯಾದ ಕೆಎ-50 ಹೆಲಿಕಾಪ್ಟರಿನಲ್ಲಿ ಮೊದಲು ರೆಕ್ಕೆಗಳನ್ನೇ ಸ್ಫೋಟಿಸಿ ಆಮೇಲೆ ಸೀಟು ಹಾರಿಸುತ್ತಾರೆ, ಅದು ಅಪರೂಪ.) ಎಂಜಿನ್ ಮಾತ್ರ ನಿಂತರೆ ಒಂದು ಉಪಾಯ ಇದೆ. ಇಳಿಯುವಾಗ ಕೆಳಗಿನಿಂದ ನುಗ್ಗುವ ಗಾಳಿ ರೆಕ್ಕೆಯನ್ನು ತಿರುಗಿಸುತ್ತಲೇ ಇರುತ್ತದೆ, ಕೈ ಪಳಗಿದ ಪೈಲಟ್ ನೆಲ ಮುಟ್ಟಿಸಬಲ್ಲ. ಆದರೆ ರೆಕ್ಕೆಯೋ ಬಾಲದ ಸಣ್ಣ ಪಂಖವೋ ಹೋದರೆ ಅದೂ ಇಲ್ಲ. ಬಾಲದ ಪಂಖ ಹೋಯಿತು ಅಂದರೆ ಹೆಲಿಕಾಪ್ಟರಿನ ಒಡಲೇ ಗಿರಗಿರ ತಿರುಗಲು ಶುರುವಾಗುತ್ತದೆ. 1993ರ ಅಕ್ಟೋಬರ್ 3ರಂದು ಸೊಮಾಲಿಯಾದ ಮೊಗದಿಶುವಿನಲ್ಲಿ ಅಮೆರಿಕದ ಬ್ಲ್ಯಾಕ್‌ಹಾಕ್ ಹೆಲಿಕಾಪ್ಟರುಗಳು ಬಿದ್ದದ್ದು ಭುಜದ ಮೇಲಿಂದ ಹೊಡೆಯುವ ಸಾದಾ ರಾಕೆಟ್ಟಿನಿಂದ, ಪೆಟ್ಟು ಬಿದ್ದದ್ದು ಬಾಲಕ್ಕೆ. ಯಾವ ಭಾಗಕ್ಕೆ ಪೆಟ್ಟು ಬಿತ್ತು ಅನ್ನುವುದನ್ನು ಮೊದಲು ನೀವು ತಿಳಿದುಕೊಂಡರೆ ಮುಂದಿನ ವಾಕ್ಯ ತಾನಾಗಿ ಬರುತ್ತದೆ, 'ಆಗಸವೇ ಬಿರಿಯಿತು' ಅಂತ ಬರೆಯಬೇಕಾಗುವುದಿಲ್ಲ.

ಹೆಲಿಕಾಪ್ಟರಿಗೆ ಪೆಟ್ಟು ಬಿದ್ದರೆ ಹೋಗುವುದು ಒಳಗಿದ್ದವರ ಜೀವ ಮಾತ್ರ ಅಂತಲೂ ತಿಳಿಯಬೇಡಿ. 1987ರ ಅಕ್ಟೋಬರ್‌ನಲ್ಲಿ ಶ್ರೀಲಂಕಾದ ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕೆ ರಾತ್ರಿ ನಮ್ಮ ಎಂಐ-8ಗಳು ಸೈನಿಕರನ್ನು ಇಳಿಸಿದವು. ಕೆಳಗಿನಿಂದ ಗುಂಡಿನ ಮಳೆ. ಹೆಲಿಕಾಪ್ಟರುಗಳು ತೂತು ಬಿದ್ದು ಹೇಗೋ ವಾಪಸ್ ಬಂದವು, ಮತ್ತೆ ಹೋಗಿ ಉಳಿದವರನ್ನು ಇಳಿಸಲು ಆಗಲಿಲ್ಲ. ಮೊದಲು ಇಳಿದಿದ್ದ ಸಿಖ್ ಲೈಟ್ ಇನ್‌ಫೆಂಟ್ರಿಯ ಮೂವತ್ತು ಜನ ಅಲ್ಲೇ ಸಿಕ್ಕಿಕೊಂಡರು, ಇಪ್ಪತ್ತೊಂಬತ್ತು ಜನ ಸತ್ತರು. ಇದು ನಿಮ್ಮ ಕತೆಗೆ ಬೇಕಿಲ್ಲ, ಆದರೆ ಈ ವಿಷಯದ ಮೇಲೆ ಬರೆಯುವವರ ತಲೆಯಲ್ಲಿ ಇರಬೇಕು. ಹಾಗೆಯೇ 2019ರ ಫೆಬ್ರವರಿ 27 ಕೂಡ. ಕಾಶ್ಮೀರದ ಬಡಗಾಮ್‌ನಲ್ಲಿ ಬಿದ್ದ ಎಂಐ-17ನ್ನು ಹೊಡೆದದ್ದು ನಮ್ಮದೇ ಕ್ಷಿಪಣಿ. ಒಳಗಿದ್ದ ಆರು ಜನ, ನೆಲದ ಮೇಲಿದ್ದ ಒಬ್ಬ ನಾಗರಿಕ ತೀರಿಕೊಂಡರು, ಅದು ದೊಡ್ಡ ತಪ್ಪು ಅಂತ ಆ ವರ್ಷದ ಅಕ್ಟೋಬರ್‌ನಲ್ಲಿ ವಾಯುಪಡೆಯ ಮುಖ್ಯಸ್ಥರೇ ಒಪ್ಪಿಕೊಂಡರು. ನಿಮ್ಮ ಕತೆಯಲ್ಲಿ ಎಲ್ಲ ಕೆಟ್ಟದ್ದೂ ಎದುರಿನ ಬೆಟ್ಟದಿಂದಲೇ ಬರುತ್ತದೆ, ಅದಕ್ಕೆ ಹೇಳಿದೆ.

ಈಗ ನಿಮ್ಮ ಊರಿನ ಭಾಗಕ್ಕೆ ಬರುತ್ತೇನೆ. ಇಲ್ಲಿ ನೀವು ಗಟ್ಟಿಯಾಗಿರಬೇಕಿತ್ತು, ಇಲ್ಲೂ ಸಡಿಲ ಬಿಟ್ಟಿದ್ದೀರಿ. ಮೇ 28ಕ್ಕೆ ಅಂಗಳದ ತುಂಬ ಮೆಣಸಿನಕಾಯಿ ಒಣಹಾಕಿದ್ದೀರಿ. ಬ್ಯಾಡಗಿಯಲ್ಲೇ ಇದ್ದು ಹೀಗೆ ಬರೆಯಬಹುದಾ? ಮಾರ್ಚ್ ಕಳೆಯುವ ಹೊತ್ತಿಗೆ ಕಾಯಿ ಬಹುತೇಕ ಪೇಟೆ ಸೇರಿರುತ್ತದೆ. ಮೇ ಕೊನೆ ಅಂದರೆ ರೋಹಿಣಿ ಮಳೆ, ಹೊಲ ಹರಗಿ ಬೀಜ ಗೊಬ್ಬರಕ್ಕೆ ಓಡಾಡುವ ಹೊತ್ತು. 1999ರಲ್ಲಿ ಕಾರ್ಗಿಲ್‌ನಿಂದ ಮೊಬೈಲ್ ಕರೆಯೂ ಸಾಧ್ಯವಿರಲಿಲ್ಲ, ಊರಿಗೊಂದು ಎಸ್‌ಟಿಡಿ ಬೂತ್ ಇದ್ದರೆ ಹೆಚ್ಚು. ಹುಬ್ಬಳ್ಳಿಯ ಜನಸಾಗರ ನಿಮಗೆ 2016ರಿಂದ ಬಂದಿದೆ ಅನ್ನಿಸುತ್ತದೆ. ಸಿಯಾಚಿನ್ ಹಿಮದಡಿ ಆರು ದಿನ ಉಳಿದು ಬಂದು ಆಮೇಲೆ ತೀರಿಕೊಂಡ ಯೋಧ, ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರಿಗೆ ನೆಹರೂ ಮೈದಾನದಲ್ಲಿ ಜನ ಸಾಲುಗಟ್ಟಿ ನಿಂತದ್ದನ್ನು ಈ ಭಾಗದವರು ಮರೆಯುವುದಿಲ್ಲ. ಅದು ಅವರದು. ಅದನ್ನೂ ಎತ್ತಿಕೊಂಡು ಬಂದು ಇಲ್ಲಿ ಹಾಕಬೇಡಿ.

ಆದರೆ ಆರನೆಯ ಪುಟದಲ್ಲಿ ಒಂದು ಅರ್ಧ ಪುಟ ಇದೆ. ಸಂಜೆ ರೇಡಿಯೋದಲ್ಲಿ ಹೆಲಿಕಾಪ್ಟರ್ ಬಿದ್ದ ಸುದ್ದಿ ಬರುತ್ತದೆ, ಹೆಸರು ಹೇಳುವುದಿಲ್ಲ. ತಾಯಿ ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ರೇಡಿಯೋ ಆರಿಸುತ್ತಾಳೆ, ಸೊಸೆ ಕೇಳಬಾರದು ಅಂತ. ಸೊಸೆ ಹಿತ್ತಲ ಬಾಗಿಲಲ್ಲಿ ನಿಂತು ಆಗಲೇ ಕೇಳಿಸಿಕೊಂಡಿರುತ್ತಾಳೆ. ಇಬ್ಬರೂ ಏನೂ ಗೊತ್ತಿಲ್ಲದವರ ಹಾಗೆ ಊಟಕ್ಕೆ ಬಡಿಸುತ್ತಾರೆ. ಇದನ್ನು ಬರೆದವರು ನೀವೇ, ಮಾಸ್ತರೇ. ಇದನ್ನು ಓದಿದ ಮೇಲೆಯೇ ಇಷ್ಟು ಉದ್ದ ಬರೆಯಬೇಕು ಅನ್ನಿಸಿದ್ದು.

ಹಾಗಾಗಿ ನನ್ನ ಸಲಹೆ ಇದು: ನಿಮ್ಮ ಹುಡುಗ ಬದುಕಿರಲಿ. ಅವನು ಆ ಹೆಲಿಕಾಪ್ಟರಿನಲ್ಲಿ ಇರುವುದು ಬೇಡ. ನೆಲದ ಮೇಲೆ ಕೆಲಸ ಮಾಡುವ ನೂರಾರು ಜನರಲ್ಲಿ ಒಬ್ಬನಾಗಲಿ, ಹೆಲಿಕಾಪ್ಟರ್ ಒರೆಸುವವನು, ರಾಕೆಟ್ ತುಂಬುವವನು, ಹೊರಟದ್ದನ್ನು ಎಣಿಸಿ ವಾಪಸ್ ಬಂದದ್ದನ್ನೂ ಎಣಿಸುವವನು. ಅವನ ಮನೆಯಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಸೇನಾ ಅಂಚೆಯ 56 ಎಪಿಒ ಮುದ್ರೆಯ ಇನ್‌ಲ್ಯಾಂಡ್ ಪತ್ರ ಬರುವವರೆಗೆ ಆ ಇಬ್ಬರು ಹೆಂಗಸರು ದಿನ ನೂಕಬೇಕು, ಬಿತ್ತನೆ ಬೇರೆ ನಿಲ್ಲುವ ಹಾಗಿಲ್ಲ, ಊರಿನವರು ದಿನಾ ಬಂದು ಕೇಳುತ್ತಾರೆ. ಕೊನೆಗೆ ಪತ್ರ ಬರುತ್ತದೆ, ಮನೆ ಉಸಿರು ಬಿಡುತ್ತದೆ. ಆ ಪತ್ರದಲ್ಲಿ ಅವನು ಏನು ಬರೆದಿರುತ್ತಾನೆ, ಬರದೇ ಹೋದವರ ಬಗ್ಗೆ ಬರೆಯುತ್ತಾನೋ ಇಲ್ಲವೋ, ತಾಯಿ ಅವರ ಮನೆಗಳ ಬಗ್ಗೆ ಕೇಳುತ್ತಾಳೋ ಇಲ್ಲವೋ, ಅದು ನೀವು ಕೂತು ಯೋಚಿಸಬೇಕಾದದ್ದು. ಹೀಗೆ ಬರೆದರೆ ಪುಂಡೀರ್, ಮುಹಿಲನ್, ಪ್ರಸಾದ್, ಸಾಹು ಅವರವರ ಜಾಗದಲ್ಲೇ ಇರುತ್ತಾರೆ. ಅವರ ಹೆಸರು ಕತೆಯಲ್ಲಿ ಒಮ್ಮೆ ಬಂದರೆ ಸಾಕು, ಆದರೆ ನಾಲ್ಕೂ ಬರಬೇಕು.

ನವರಾತ್ರಿಗೆ ಮೊದಲು ಹೊಸ ಪ್ರತಿ ಕಳಿಸಿದರೆ ದೀಪಾವಳಿಗೇ ನೋಡುತ್ತೇನೆ, ಆಗದಿದ್ದರೆ ಯುಗಾದಿಗೆ ಇಟ್ಟುಕೊಳ್ಳೋಣ, ಅವಸರ ಬೇಡ. ಹನ್ನೆರಡು ಪುಟ ಆರಕ್ಕೆ ಇಳಿದರೂ ಚಿಂತೆಯಿಲ್ಲ. ಯುನಿಕೋಡ್‌ನಲ್ಲಿ ಕಳಿಸಿ, ಪಿಡಿಎಫ್ ಬೇಡ, ಪುಟ ಸಂಖ್ಯೆ ಹಾಕಿ. ಭಾನುವಾರ ಬಿಟ್ಟು ಯಾವತ್ತು ಧಾರವಾಡಕ್ಕೆ ಬಂದರೂ ಕಚೇರಿಯಲ್ಲಿ ಸಿಗುತ್ತೇನೆ.