‘ಜಾನುವಾರು’ ಎಲ್ಲಿಯ ಪದ?

ಪ್ರಶ್ನೆ: ನಮ್ಮ ಕಡೆ ದನದ ಸಂತೆಯ ಫಲಕದಲ್ಲಿ ಮರಾಠಿಯಲ್ಲಿ ‘ಜನಾವರಾಂಚಾ ಬಾಜಾರ’ ಎಂದಿರುತ್ತದೆ. ಕನ್ನಡ ಪತ್ರಿಕೆಗಳು ‘ಜಾನುವಾರು’ ಎನ್ನುತ್ತವೆ, ಉರ್ದು ಮನೆಮಾತಿನ ನೆರೆಯವರು ‘ಜಾನ್ವರ್’ ಎನ್ನುತ್ತಾರೆ. ಮೂರೂ ಒಂದೇ ಪದವೆ? ‘ಜಾನು’ ಎಂದರೆ ಮೊಣಕಾಲು, ಮೊಣಕಾಲೂರಿ ಮಲಗುವುದರಿಂದ ದನಗಳಿಗೆ ಈ ಹೆಸರು ಬಂತೆಂದು ಹಿರಿಯರೊಬ್ಬರು ಹೇಳಿದ್ದು ಸರಿಯೆ?
— ಓದುಗರೊಬ್ಬರು, ಅಕ್ಕಲಕೋಟೆ ತಾಲೂಕು, ಸೊಲ್ಲಾಪುರ ಜಿಲ್ಲೆ

ಉತ್ತರ: ಮೂರೂ ಒಂದೇ ಪದ, ಮೊಣಕಾಲಿಗೂ ಅದಕ್ಕೂ ಸಂಬಂಧವಿಲ್ಲ. ಮೂಲ ಪಾರಸಿ. ‘ಜಾನ್’ ಎಂದರೆ ಜೀವ, ‘ವರ್’ ಎಂದರೆ ಉಳ್ಳದ್ದು. ಹೆಸರುಳ್ಳವನು ‘ನಾಮ್‌ವರ್’, ಬಲವುಳ್ಳವನು ‘ತಾಕತ್‌ವರ್’ ಆಗುವಂತೆ ಜೀವವುಳ್ಳದ್ದು ‘ಜಾನ್ವರ್’ ಆಯಿತು. ಪ್ರಾಣವುಳ್ಳದ್ದನ್ನು ಪ್ರಾಣಿ ಎಂದ ಸಂಸ್ಕೃತದ ಕ್ರಮವೂ ಇದೇ. ಅರಬ್ಬಿಯಿಂದ ಉರ್ದುವಿಗೆ ಬಂದ ‘ಹೈವಾನ್’ ಕೂಡ ಜೀವನವೆಂಬ ಅರ್ಥದ ‘ಹಯಾತ್’ ಹುಟ್ಟಿದ ಧಾತುವಿನದೇ.

ವ್ಯುತ್ಪತ್ತಿಯ ಪ್ರಕಾರ ಮನುಷ್ಯನೂ ಜಾನ್ವರ್ ಆಗಬೇಕಿತ್ತು. ಆದರೆ ಉರ್ದುವಿನಲ್ಲಿ ಮನುಷ್ಯನನ್ನು ಹಾಗೆ ಕರೆದರೆ ಅದು ಬೈಗುಳ. ‘ಹೈವಾನ್’ ಎಂದರೆ ಇನ್ನೂ ಕಟುವಾದ, ಕ್ರೌರ್ಯವನ್ನು ಸೂಚಿಸುವ ಬೈಗುಳ. ತುರ್ಕಿ ಭಾಷೆಗೆ ಹೋದ ಇದೇ ಪದ ‘ಜಾನಾವರ್’ ಆಗಿ ರಾಕ್ಷಸಾಕಾರದ ಮೃಗವನ್ನು ಹೇಳುತ್ತದೆ. ಮರಾಠಿಯ ಹಳ್ಳಿಗಳಲ್ಲಿ ಹಾವಿನ ಹೆಸರೆತ್ತಲು ಹಿಂಜರಿಯುವವರು ‘ಜನಾವರ’ ಎನ್ನುವುದುಂಟು. ನಮ್ಮವರು ‘ಹುಳ ಮುಟ್ಟಿತು’ ಎನ್ನುವುದಿಲ್ಲವೆ, ಹಾಗೆ.

ಕನ್ನಡದಲ್ಲಿ ಮಾತ್ರ ಅರ್ಥ ಕೊಟ್ಟಿಗೆಯೊಳಗೆ ನಿಂತಿತು. ‘ಹುಲಿ ಜಾನುವಾರುಗಳನ್ನು ಕೊಂದಿತು’ ಎಂದು ನಾವು ಬರೆಯುತ್ತೇವೆ. ಉರ್ದುವಿನ ಲೆಕ್ಕದಲ್ಲಿ ಆ ಹುಲಿಯೂ ಜಾನ್ವರೇ! ಬರಗಾಲದ ವರದಿಗಳ ‘ಜನ-ಜಾನುವಾರು’ ಎಂಬ ಜೋಡಿಯಂತೂ ಕಿವಿಗೆ ಎಷ್ಟು ಒಗ್ಗಿದೆಯೆಂದರೆ, ಪದ ಹೊರಗಿನದೆಂಬ ಅನುಮಾನವೇ ಬಾರದು.

ರೂಪದ ವಿಷಯವೂ ಸರಳವೇ. ಇರಾನಿನಲ್ಲಿ ಇಂದು ಇದರ ಉಚ್ಚಾರ ‘ಜಾನೆವರ್’. ಮರಾಠಿ ಮೊದಲ ಸ್ವರವನ್ನು ಗಿಡ್ಡ ಮಾಡಿ ನಡುವಿನದನ್ನು ಎಳೆಯಿತು. ಕನ್ನಡ ನಡುವೆ ಒಂದು ಉಕಾರವನ್ನಿಟ್ಟು, ಜಮೀನು, ಬಜಾರುಗಳಂತೆ ಕೊನೆಗೂ ಇನ್ನೊಂದನ್ನು ಸೇರಿಸಿತು. ಆ ನಡುವಿನ ಉಕಾರದಿಂದಲೇ ಹಿರಿಯರಿಗೆ ಮೊಣಕಾಲು ಕಂಡಿದೆ. ಬಹಮನಿ, ಆದಿಲಶಾಹಿ ಆಡಳಿತಗಳಲ್ಲಿ ಪಾರಸಿ ಬಳಕೆಯಲ್ಲಿದ್ದ ನಿಮ್ಮ ಸೀಮೆಯಲ್ಲಿ ರೈತ, ಫಸಲುಗಳ ಜೊತೆಗೆ ಈ ಪದವೂ ಇರುವುದರಲ್ಲಿ ಆಶ್ಚರ್ಯವಿಲ್ಲ.

ಮಾತಿನಲ್ಲಿ ‘ದನಕರ’ ಎನ್ನುವವರೂ ಅರ್ಜಿ ಬರೆಯುವಾಗ ‘ಜಾನುವಾರು’ ಎನ್ನುತ್ತಾರೆ, ಅದು ತಪ್ಪಲ್ಲ. ದೇಶದಲ್ಲಿ 1919ರಲ್ಲಿ ಆರಂಭವಾಗಿ ಐದು ವರ್ಷಕ್ಕೊಮ್ಮೆ ನಡೆಯಬೇಕಾದ ಜಾನುವಾರು ಗಣತಿಯಲ್ಲಿ ಕುರಿ, ಮೇಕೆ, ಹಂದಿಗಳೂ ಸೇರುವುದರಿಂದ ಆ ಮಟ್ಟಿಗೆ ಅರ್ಥವನ್ನು ಹಿಗ್ಗಿಸಬಹುದು. ಕಾಡುಮೃಗಗಳಿಗೂ ಮನೆಯ ಬೆಕ್ಕಿಗೂ ‘ಪ್ರಾಣಿ’ ಎಂದೇ ಬರೆಯಿರಿ.