ಮೊಟ್ಟೆಗೆ ಮಣ್ಣು ಮೆತ್ತುವ ಕಪ್ಪೆ ನಿಜಕ್ಕೂ ಇದೆಯಾ? ಮಳೆಗಾಲದಲ್ಲಿ ಬಂದರೆ ನೋಡಲು ಸಿಗುತ್ತದಾ?

ಇದೆ. ಕುಂಬಾರ ಕಪ್ಪೆ ಅಂತ ಹೆಸರು. ಕಪ್ಪೆಗಳ ಅಧ್ಯಯನ ಮಾಡುವ ವಿಜ್ಞಾನಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಇದನ್ನು ಹೊಸ ಪ್ರಭೇದವೆಂದು ಪ್ರಕಟಿಸಿದರು. ಉತ್ತರ ಕನ್ನಡದ ನಮ್ಮ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಎಂಬ ಕಾಡಿನ ಹಳ್ಳಗಳಲ್ಲಿ ಇದು ಇದೆ. ಇದರ ಕುಲದ ಕಪ್ಪೆಗಳು ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ.

ಇದರ ಕೆಲಸ ನೋಡಬೇಕು! ಹಗಲೆಲ್ಲ ಕಲ್ಲಿನ ಸಂದಿಯಲ್ಲಿ ಅಡಗಿರುತ್ತದೆ, ಕತ್ತಲಾದ ಮೇಲೆ ಹೊರಗೆ ಬರುತ್ತದೆ. ಹಳ್ಳದ ನೀರಿಗಿಂತ ಸ್ವಲ್ಪ ಮೇಲೆ ಚಾಚಿಕೊಂಡ ಕಡ್ಡಿಯೋ ಬೇರೋ ಇರುತ್ತದಲ್ಲ, ಮೊಟ್ಟೆ ಇಡುವುದು ಅಲ್ಲಿ. ಅದೂ ಮುಂಗಾಲು ಊರಿ, ತಲೆಕೆಳಗಾಗಿ ನಿಂತು. ಆಮೇಲೆ ಗಂಡಿನ ಸರದಿ. ಹಳ್ಳದ ತಳದಿಂದ ಕೆಸರನ್ನು ಮುಂಗೈಯಲ್ಲಿ ಬಾಚಿಕೊಂಡು, ಹಿಂಗಾಲ ಮೇಲೆ ನೆಟ್ಟಗೆ ಎದ್ದು ನಿಂತು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಮತ್ತೆ ಬಗ್ಗುತ್ತದೆ, ಮತ್ತೆ ಮೆತ್ತುತ್ತದೆ. ಕೊನೆಗೆ ನೋಡಿದರೆ ಕಡ್ಡಿಗೆ ಸುಮ್ನೆ ಕೆಸರು ಅಂಟಿದೆ ಅನ್ನಿಸಬೇಕು, ಹಾಗೆ ಮುಚ್ಚಿರುತ್ತದೆ. ಮೊಟ್ಟೆ ಒಣಗದಿರಲಿ, ತಿನ್ನುವವರ ಕಣ್ಣಿಗೆ ಬೀಳದಿರಲಿ ಅಂತ ಹೀಗೆ ಮಾಡುತ್ತಿರಬಹುದು ಎಂಬುದು ವಿಜ್ಞಾನಿಗಳ ಊಹೆ. ಮರಿಗಳು ಒಡೆದು ಬಂದಾಗ ಕೆಳಗಿನ ನೀರಿಗೇ ಬೀಳುತ್ತವೆ.

ಹಾಗಾಗಿ ನೋಡಲು ಬರುವವರಿಗೆ ನನ್ನ ಮೊದಲ ಮಾತು, ಹಳ್ಳಕ್ಕೆ ಇಳಿಯಬೇಡಿ. ದಂಡೆಯಲ್ಲೇ ನಿಂತು ನೋಡಿ. ಫೋಟೋಗೆ ಅಡ್ಡ ಬಂತು ಅಂತ ನೀವು ಕಿತ್ತೆಸೆಯುವ ಕಡ್ಡಿಯಲ್ಲೇ ಮೊಟ್ಟೆ ಇರಬಹುದು. ಸೊಳ್ಳೆ ಕ್ರೀಮ್ ಹಚ್ಚಿದ ಕೈಯಲ್ಲಿ ಕಪ್ಪೆ ಮುಟ್ಟಲೇಬಾರದು. ಅದರ ಚರ್ಮ ಇಂಥ ರಾಸಾಯನಿಕಗಳನ್ನು ಸುಲಭವಾಗಿ ಒಳಗೆ ಎಳೆದುಕೊಳ್ಳುತ್ತದೆ. ರಾತ್ರಿ ಕಾಡಿಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಕೇಳಿ, ದಾರಿ ಗೊತ್ತಿರುವ ಊರಿನವರ ಜೊತೆ ಹೋಗಿ. ಮಳೆ ಹಿಡಿದು ಹಳ್ಳ ಹರಿಯಲು ಶುರುವಾದ ಮೇಲೆ ಬಂದರೆ ಒಳ್ಳೆಯದು.

ನನಗೆ ಜಾಸ್ತಿ ಚಿಂತೆ ಇರುವುದು ಹಳ್ಳಗಳದ್ದೇ. ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿ, ಅಂದರೆ ರಾಮಪತ್ರೆ ಜಾತಿಯ ಮರಗಳು ಬೆಳೆಯುವ ಜೌಗು ಕಾಡು ಇದೆ. ಮರದ ಬೇರುಗಳು ಕೆಸರಿನಿಂದ ಮೊಣಕಾಲಿನಂತೆ ಮೇಲೆದ್ದಿರುತ್ತವೆ, ಕೆಳಗೆ ನೀರು ಮೆಲ್ಲಗೆ ಹರಿಯುತ್ತಿರುತ್ತದೆ. ಇಂಥ ಜಡ್ಡಿಗಳನ್ನು ಎಷ್ಟೋ ಕಡೆ ಗದ್ದೆ, ತೋಟ ಮಾಡಿ ಆಗಿದೆ. ನೆರಳು ಹೋದರೆ ಹಳ್ಳ ಬೇಗ ಬತ್ತುತ್ತದೆ. ತೋಟಕ್ಕೆ ನೀರು ತಿರುಗಿಸುವ ನಾವೂ ಹಳ್ಳದ ಎರಡೂ ದಡದ ಮರ, ಬಿದ್ದ ಕಡ್ಡಿಗಳನ್ನು ಹಾಗೇ ಬಿಡಬೇಕು. ನಾನು ನಮ್ಮ ತೋಟದ ಮೇಲಿನ ಹಳ್ಳದಲ್ಲಿ ಕೆಲಸದವರಿಗೆ ಅದನ್ನೇ ಹೇಳಿದ್ದೇನೆ, ಮಳೆಗಾಲ ಮುಗಿಯುವ ತನಕ ಅಲ್ಲಿ ಕತ್ತಿ ಹಾಕುವುದಿಲ್ಲ.