ಅಜ್ಜಿಯ ತಲೆ ಮೇಲಿನ ಕಂಬ

ಪ್ರಶ್ನೆ: ನನಗೆ 38 ವರ್ಷ, ಬ್ಯಾಂಕಿನಲ್ಲಿ ಕೆಲಸ. ಆರೇಳು ವರ್ಷದಿಂದ ಫೋಟೋಗ್ರಫಿ ಹುಚ್ಚು. ನಾವು ಒಂಬತ್ತು ಮಂದಿ ಭಾನುವಾರ ಬೆಳಗ್ಗೆ ಲಾಲ್‌ಬಾಗ್, ಕೆ.ಆರ್. ಮಾರ್ಕೆಟ್, ಕಬ್ಬನ್ ಪಾರ್ಕ್ ಅಂತ ಕ್ಯಾಮೆರಾ ಹಿಡಿದು ಸುತ್ತುತ್ತೇವೆ. ಆಮೇಲೆ ಗಾಂಧಿಬಜಾರಿನಲ್ಲಿ ತಿಂಡಿ ತಿನ್ನುತ್ತಾ ಹಿಂದಿನ ವಾರದ ಚಿತ್ರಗಳನ್ನು ಒಬ್ಬರಿಗೊಬ್ಬರು ತೋರಿಸುತ್ತೇವೆ. ಎಲ್ಲರದ್ದೂ ಒಂದೇ ಮಾತು, 'ಸೂಪರ್'. ಕಳೆದ ಕಡಲೆಕಾಯಿ ಪರಿಷೆ ಆದ ಮೇಲೆ ನಮ್ಮಲ್ಲಿನ ನಿವೃತ್ತ ಹಿರಿಯರೊಬ್ಬರು (ರಾಯರು ಅನ್ನುತ್ತೇವೆ) ಕಡಲೆಕಾಯಿ ಅಳೆಯುವ ಅಜ್ಜಿಯ ಚಿತ್ರ ಕಳಿಸಿ, ನನ್ನನ್ನೇ ನೋಡಿ 'ಹೇಗಿದೆ, ನಿಜ ಹೇಳಪ್ಪಾ' ಅಂದರು. ಹೇಳಿದೆ: 'ಬಣ್ಣ ಜಾಸ್ತಿ ಎಳೆದಿದ್ದೀರಿ ಸಾರ್, ಅಜ್ಜಿ ತಲೆ ಮೇಲೆ ಲೈಟ್ ಕಂಬ ಬೆಳೆದಿದೆ.' ಎಲ್ಲರೂ ನಕ್ಕರು. ರಾಯರೂ ನಕ್ಕರು. ಅವತ್ತಿನಿಂದ ಅವರು ಬಂದಿಲ್ಲ. ಈಗ ಯಾರೇ ಕೇಳಲಿ, ನಾನೂ 'ಸೂಪರ್' ಅಂದು ಕಾಫಿ ಕುಡಿಯುತ್ತೇನೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು 'ಅಣ್ಣಾ, ಸೂಪರ್ ಬೇಡ, ಏನು ತಪ್ಪಾಗಿದೆ ಹೇಳಿ' ಅಂತ ದುಂಬಾಲು ಬಿದ್ದಿದ್ದಾಳೆ. ಹೇಳಲೋ ಬೇಡವೋ?
– ಹೆಸರು ಬೇಡ, ಬಸವನಗುಡಿ

ಉತ್ತರ: ಹೇಳಿ. ಆದರೆ ಮೊದಲು ರಾಯರ ವಿಷಯ ಮುಗಿಸೋಣ.

ಕಂಬ ಇದ್ದದ್ದು ನಿಜವೇ ಇರಬೇಕು. ಕಾರ್ತಿಕದ ಕೊನೆಯ ಸೋಮವಾರ ಬುಲ್ ಟೆಂಪಲ್ ರಸ್ತೆಯಲ್ಲಿ ಕಂಬ, ಸೀರಿಯಲ್ ಸೆಟ್ಟು, ಬಲೂನು, ಸೆಲ್ಫಿಗೆ ಚಾಚಿದ ಯಾರದೋ ಕೈ, ಇವೊಂದೂ ಬಾರದ ಹಾಗೆ ಫೋಟೋ ತೆಗೆದವರಿದ್ದರೆ ತೋರಿಸಿ, ಅವರಿಗೆ ನಾನೇ ಸೇರು ಕಡಲೆಕಾಯಿ ಕೊಡಿಸುತ್ತೇನೆ. ನೀವು ಸುಳ್ಳಾಡಲಿಲ್ಲ. ಮಾತು ಚುರುಕಾಗಿತ್ತು, ತಮಾಷೆಯಾಗಿತ್ತು, ಎಡವಟ್ಟಾದದ್ದು ಅಲ್ಲೇ. ಎಂಟು ಜನರ ಎದುರು ತಿಂಡಿ ತಟ್ಟೆಗಳ ನಡುವೆ ನಗು ಎದ್ದಿತು, ರಾಯರು ಮರ್ಯಾದೆಗೆ ತಾವೂ ಸೇರಿಕೊಂಡರು. ನಮ್ಮ ಹಿರಿಯರು 'ನಿಜ ಹೇಳಪ್ಪಾ' ಅಂದಾಗ ಅದರೊಳಗೆ 'ಸ್ವಲ್ಪ ಹೊತ್ತು ನೋಡಪ್ಪಾ' ಅನ್ನುವುದೂ ಇರುತ್ತದೆ. ನೀವೆಷ್ಟು ಹೊತ್ತು ನೋಡಿದಿರೋ ಗೊತ್ತಿಲ್ಲ. ಪತ್ರದಲ್ಲಂತೂ ಅಜ್ಜಿಯ ಮುಖ ಹೇಗಿತ್ತು ಅಂತ ಒಂದು ಪದವೂ ಇಲ್ಲ. ಕಂಬ ಮಾತ್ರ ಇದೆ.

ಬಣ್ಣದ ಬಗ್ಗೆ ಇನ್ನೊಂದು ಅನುಮಾನ. ಅವರು ಕಳಿಸಿದ್ದನ್ನು ನೀವು ನೋಡಿದ್ದು ನಿಮ್ಮ ಫೋನಿನಲ್ಲಿ ಅಲ್ಲವೇ? ಎಷ್ಟೋ ಫೋನುಗಳ ಪರದೆ 'ವಿವಿಡ್' ಅನ್ನುವ ಸೆಟ್ಟಿಂಗಿನಲ್ಲೇ ಇರುತ್ತದೆ. ಅದರಲ್ಲಿ ಎಲ್ಲರ ಕಡಲೆಕಾಯಿಯೂ ಕಿತ್ತಳೆ, ಎಲ್ಲರ ಹುಲ್ಲೂ ಪಾಚಿ. ಒಮ್ಮೆ ಆ ಸೆಟ್ಟಿಂಗ್ ತೆಗೆದು ನೋಡಿ. ರಾಯರು ಎಳೆದದ್ದು ಎಷ್ಟು, ನಿಮ್ಮ ಫೋನು ಎಳೆದದ್ದು ಎಷ್ಟು ಗೊತ್ತಾಗುತ್ತದೆ.

ನನಗೂ ಈ ಹುಚ್ಚಿತ್ತು, ಫಿಲ್ಮಿನ ಕಾಲದಲ್ಲಿ. ಒಂದು ರೋಲಿಗೆ 36 ಚಿತ್ರ, ಆ ರೋಲು ತಿಂಗಳೆಲ್ಲಾ ಬರಬೇಕು. ಒಂದು ಸಲ ಮಾರ್ಕೆಟ್ಟಿನಲ್ಲಿ ಸೇವಂತಿಗೆ ಹಾರ ಕಟ್ಟುವ ಹೆಂಗಸಿನ ಪ್ರಿಂಟ್ ಹಿಡಿದು ಒಬ್ಬ ಹಿರಿಯರ ಹತ್ತಿರ ಹೋದೆ. ಅವರು ಚೆನ್ನಾಗಿದೆ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. 'ಇದನ್ನು ಯಾಕಮ್ಮಾ ತೆಗೆದೆ?' ಅಂದರು. ಬೆರಳಿಗೆ ಅಂಟಿದ ಅರಿಶಿನ ಬಣ್ಣ ಕಂಡು ತೆಗೆದೆ ಅಂದೆ. ಪ್ರಿಂಟು ಕಪ್ಪು-ಬಿಳುಪು! ಅದಕ್ಕೂ ಅವರು ನಗಲಿಲ್ಲ. ಮೇಜಿನ ಖಾನೆಯಿಂದ ಎಲ್ ಆಕಾರಕ್ಕೆ ಕತ್ತರಿಸಿದ ಎರಡು ಕರಿ ರಟ್ಟು ತೆಗೆದು ಪ್ರಿಂಟಿನ ಮೇಲಿಟ್ಟು ಚೌಕಟ್ಟಿನಂತೆ ಜೋಡಿಸಿ ನಿಧಾನಕ್ಕೆ ಸರಿಸಿದರು. ಬಲಗಡೆಯ ಸ್ಕೂಟರ್ ಹೋಯಿತು. ಮೇಲಿನ ಟಾರ್ಪಾಲು ಹೋಯಿತು. ಕೈ, ದಾರ, ಅರ್ಧ ಕಟ್ಟಿದ ಹಾರ ಉಳಿಯಿತು. 'ಇಷ್ಟಕ್ಕೆ ಹೋಗಿದ್ದೆ ನೀನು' ಅಂದು ರಟ್ಟು ಎತ್ತಿಟ್ಟರು. ಸ್ಕೂಟರ್ ತಪ್ಪು ಅಂತ ಅವರು ಬಾಯಿಬಿಟ್ಟು ಹೇಳಲೇ ಇಲ್ಲ. ಆದರೆ ಮರುವಾರದಿಂದ ಬಟನ್ ಒತ್ತುವ ಮುಂಚೆ ನಾಲ್ಕು ಮೂಲೆ ನೋಡುವ ಅಭ್ಯಾಸ ನನಗೆ ಹತ್ತಿತು.

ಅವರು ಮೊದಲು ಕೇಳಿದ ಆ ಪ್ರಶ್ನೆಯಿಂದಲೇ ನೀವೂ ಶುರು ಮಾಡಿ. ತೆಗೆದವರಿಗೆ ಏನು ಬೇಕಿತ್ತು ಅಂತ ಗೊತ್ತಿಲ್ಲದೆ ಕಂಬ ಅಡ್ಡಿಯೋ ಅಲ್ಲವೋ ಹೇಗೆ ಹೇಳುತ್ತೀರಿ? ಅಜ್ಜಿಯ ಕೈಯ ಅಳತೆ ಪಾತ್ರೆ ಅವರಿಗೆ ಮುಖ್ಯವಾಗಿದ್ದರೆ ತಲೆಯನ್ನೇ ಬಿಟ್ಟು ಕ್ರಾಪ್ ಮಾಡಬಹುದಿತ್ತು. ಇಡೀ ಪರಿಷೆಯ ಗದ್ದಲ ಬೇಕಿದ್ದರೆ ಕಂಬ ಇರಲಿ, ಒಂದು ಹೆಜ್ಜೆ ಎಡಕ್ಕೆ ನಿಂತಿದ್ದರೆ ಅದು ತಲೆ ಬಿಟ್ಟು ಪಕ್ಕಕ್ಕೆ ಸರಿಯುತ್ತಿತ್ತು.

ಆ ಹುಡುಗಿಗೆ ಧಾರಾಳವಾಗಿ ಹೇಳಿ, ಬಾಯಿಬಿಟ್ಟು ಕೇಳುತ್ತಿದ್ದಾಳೆ. ಆದರೆ ಅವಳು ಮರುದಿನ ಕೈಯಾರೆ ಮಾಡಿ ನೋಡುವಂಥದ್ದು ಹೇಳಿ. ಲಾಲ್‌ಬಾಗ್ ಕೆರೆಯ ಮೇಲೆ ಹಾರುವ ಹೆಜ್ಜಾರ್ಲೆಯ (ಪೆಲಿಕನ್) ಚಿತ್ರ ತಂದಳು, ಮಸುಕಾಗಿದೆ ಅನ್ನಿ. 'ಬ್ಲರ್ ಆಗಿದೆ' ಅಂದರೆ ಏನು ಪ್ರಯೋಜನ, ಅದು ಅವಳಿಗೂ ಕಾಣುತ್ತದೆ. ಹಿಗ್ಗಿಸಿ ಇಬ್ಬರೂ ನೋಡಿ. ಹಕ್ಕಿ, ನೀರು, ಆಚೆ ದಡದ ಮರ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ. ಕಣ್ಣು, ಕೊಕ್ಕು ಚೊಕ್ಕವಾಗಿದ್ದು ರೆಕ್ಕೆಯ ತುದಿ ಮಾತ್ರ ಕರಗಿದ್ದರೆ ಶಟರ್ ಸ್ಪೀಡ್, ಅಂದರೆ ಶಟರ್ ತೆರೆದು ಮುಚ್ಚುವ ವೇಗ, ರೆಕ್ಕೆ ಬಡಿತಕ್ಕೆ ಸಾಲಲಿಲ್ಲ (ಅದು ಕೆಲವೊಮ್ಮೆ ಚೆಂದವೇ, ಇರಲಿ ಬಿಡಿ). ಹಿಂದಿನ ಮರ ಚೂಪಾಗಿದ್ದು ಹಕ್ಕಿ ಮಾತ್ರ ಮಂಜಾಗಿದ್ದರೆ ಫೋಕಸ್ ಹಿಂದೆ ಹೋಗಿ ಕೂತಿದೆ. ಮೂರಕ್ಕೂ ಮದ್ದು ಬೇರೆ ಬೇರೆ. 400 ಮಿ.ಮೀ. ಲೆನ್ಸನ್ನು ಕೈಯಲ್ಲೇ ಹಿಡಿದು 1/125 ಸೆಕೆಂಡಿನ ಶಟರ್ ಸ್ಪೀಡಿನಲ್ಲಿ ತೆಗೆದಿದ್ದರೆ ಕ್ಯಾಮೆರಾ ಅದನ್ನು ಬರೆದಿಟ್ಟಿರುತ್ತದೆ. ಕೈಯಲ್ಲಿ ಹಿಡಿದರೆ 1/400ಕ್ಕಿಂತ ನಿಧಾನ ಬೇಡ, ಹಾರುವ ಹಕ್ಕಿಗೆ 1/1600ರ ಆಸುಪಾಸು ಇರಲಿ, ಬೆಳಕು ಸಾಲದಿದ್ದರೆ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ, ಅಂದರೆ ಐಎಸ್‌ಒ ಏರಿಸು ಅನ್ನಿ. ಸ್ಟೆಬಿಲೈಸರ್ ಇದೆಯಲ್ಲಾ ಅಂದಾಳು. ಅದು ನಮ್ಮ ಕೈ ನಡುಕ ತಡೆಯುತ್ತದೆ, ಹಕ್ಕಿಯನ್ನಲ್ಲ.

ಒಂದು ಸಲಕ್ಕೆ ಒಂದೇ ಹೇಳಿ. ಹಾರಿಜಾನ್ ವಾಲಿದೆ, ಆಕಾಶ ಬೆಳ್ಳಗೆ ಸುಟ್ಟಿದೆ ಅಂತೆಲ್ಲಾ ಒಟ್ಟಿಗೆ ಸುರಿದರೆ ಅವಳು ಕ್ಯಾಮೆರಾ ಒಎಲ್ಎಕ್ಸ್‌ಗೆ ಹಾಕಿಯಾಳು. ಎಲ್ಲರ ಎದುರು ಬೇಡ ಅನಿಸಿದರೆ ಗೇಟಿನವರೆಗೆ ನಡೆಯುತ್ತಾ ಹೇಳಿ. ಆದರೆ ಯಾರೇ ಆಗಲಿ ಗೂಡಿನ ಹತ್ತಿರ ನುಗ್ಗಿ ಮರಿಗಳ ಫೋಟೋ ತೆಗೆದು ತಂದರೆ ಈ ನಾಜೂಕು ಯಾವುದೂ ಬೇಕಿಲ್ಲ. 'ಇನ್ನೊಮ್ಮೆ ಹೀಗೆ ಮಾಡಬೇಡಿ' ಅಂತ ಮುಖಕ್ಕೇ ಹೇಳಿ. ತಾಯಿ ಹಕ್ಕಿ ಗೂಡು ಬಿಟ್ಟುಹೋಗಬಹುದು, ಎಷ್ಟೋ ಸ್ಪರ್ಧೆಗಳು ಗೂಡಿನ ಚಿತ್ರ ತೆಗೆದುಕೊಳ್ಳುವುದೂ ಇಲ್ಲ.

ನಿಮ್ಮ ಒಂಬತ್ತು ಜನ ಸಲಾನಿನ (ಫೋಟೋ ಸ್ಪರ್ಧೆಯ) ತೀರ್ಪುಗಾರರಲ್ಲ. ಆ ತೀರ್ಪುಗಾರರಿಗೆ ಒಂದೊಂದು ಚಿತ್ರಕ್ಕೆ ಸಿಗುವುದು ಕೆಲವೇ ಸೆಕೆಂಡು, ಅಂಕ ಒತ್ತಿ ಮುಂದಕ್ಕೆ ಹೋಗುತ್ತಾರೆ. ನಿಮಗೆ ಇಡೀ ಭಾನುವಾರ ಇದೆ. ಬೆಂಗಳೂರಿನಲ್ಲಿ ಈ ವಿದ್ಯೆ ಒಬ್ಬರ ಪಕ್ಕ ಒಬ್ಬರು ಕೂತೇ ಬಂದದ್ದು. ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಕಲಿತದ್ದು ಒ.ಸಿ. ಎಡ್ವರ್ಡ್ಸ್ ಅವರ ಬಳಿ. ಮುಂದೆ 2017ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಪೆರುಮಾಳ್ ಅವರ ಕೈಯಲ್ಲಿ ಪಳಗಿದವರು ಎಷ್ಟೋ ಮಂದಿ. 1971ರಲ್ಲಿ ಶುರುವಾದ ಯೂತ್ ಫೋಟೋಗ್ರಫಿಕ್ ಸೊಸೈಟಿಯಂಥ ಕ್ಲಬ್ಬುಗಳೂ ಇಲ್ಲಿವೆ. ಬರೀ 'ಸೂಪರ್' ಅಂದುಕೊಂಡು ಕೂತಿದ್ದರೆ ಅಲ್ಲಿಗೆ ಯಾರು ಹೋಗುತ್ತಿದ್ದರು?

ಕೊನೆಗೊಂದು ಮಾತು, ಬೇಜಾರಾಗಬೇಡಿ. ಪತ್ರದಲ್ಲಿ ರಾಯರ ಚಿತ್ರ ಇದೆ, ಹುಡುಗಿಯ ಸುದ್ದಿ ಇದೆ. ನಿಮ್ಮ ಚಿತ್ರ ಎಲ್ಲಿ? ಬೇರೆಯವರ ಕಂಬ ಎಣಿಸುವ ಭರದಲ್ಲಿ ನೀವು ನಿಮ್ಮದನ್ನು ಮೇಜಿನ ಮೇಲೆ ಇಟ್ಟು ಎಷ್ಟು ದಿನವಾಯಿತು?

ಈ ಭಾನುವಾರ ವಾಕ್ ಬಿಟ್ಟು ರಾಯರ ಮನೆಗೆ ಹೋಗಿ. ಫೋನ್ ಮಾಡಿ 'ಸಾರಿ' ಅಂದು ಕೈತೊಳೆದುಕೊಳ್ಳಬೇಡಿ. ನೀವು ಕೆಡಿಸಿಕೊಂಡ ಒಂದು ಚಿತ್ರದ ಪ್ರಿಂಟ್ ಹಾಕಿಸಿಕೊಂಡು ಹೋಗಿ, ರಾಯರೇ, ಇದು ಯಾಕೆ ಕೂರುತ್ತಿಲ್ಲ ನೋಡಿ ಅನ್ನಿ. ಅವರು ಬೈಯಲಿ. ಅರ್ಧ ಗಂಟೆ ಬಿಟ್ಟು, ಆ ಅಜ್ಜಿ ನಿಮಗೆ ಎಲ್ಲಿ ಸಿಕ್ಕರು ಅಂತ ಕೇಳಿ. ಹಣ್ಣು ಒಯ್ಯಿರಿ, ಕಡಲೆಕಾಯಿ ಮಾತ್ರ ಬೇಡ. ಇನ್ನೂ ಚುಡಾಯಿಸುತ್ತಿದ್ದೀರಿ ಅಂದುಕೊಂಡಾರು.